ಬೇಸಿಗೆಯಲ್ಲಿ ಕ್ಲಿಯರ್ ಸ್ಪ್ರೇ ತರಿತರಿ ಆಗುತ್ತಿದ್ದರೆ

ಮರದ ತಟ್ಟೆಗಳ ಮೇಲೆ ಅಕ್ರಿಲಿಕ್ ಬಣ್ಣದಲ್ಲಿ ಚಿತ್ರ ಬಿಡಿಸಿ, ಕೊನೆಗೆ ಕ್ಲಿಯರ್ ಅಕ್ರಿಲಿಕ್ ಸ್ಪ್ರೇ (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಲೇಪ) ಹೊಡೆಯುತ್ತೇನೆ. ರಾಯಚೂರಿನ ಬೇಸಿಗೆಯಲ್ಲಿ ಅದು ಒಣಗಿದ ಮೇಲೆ ಮುಟ್ಟಿದರೆ ಉಪ್ಪುಕಾಗದದ ಹಾಗೆ ಒರಟು. ಕಪ್ಪು ಬಣ್ಣದ ಮೇಲಂತೂ ಬಿಳಿ ಮಂಕು.

ಮೇಲೆ ಇನ್ನೊಂದು ಕೋಟ್ ಹೊಡೆದರೆ ತರಿ ಜಾಸ್ತಿಯಾಯಿತು. ಬಟ್ಟೆಯಿಂದ ಒರೆಸಿದರೆ ಹೋಗಲಿಲ್ಲ. ಡಬ್ಬಿ ದೂರ ಹಿಡಿದರೆ ಇನ್ನೂ ಕೆಟ್ಟಿತು. ಬೇರೆ ಕಂಪನಿಯದು ತಂದರೂ ಅದೇ ಕಥೆ.

ಕಾರಣ ಬಿಸಿಲು. 40 ಡಿಗ್ರಿಯ ಒಣ ಗಾಳಿಯಲ್ಲಿ ಹನಿಗಳು ತಟ್ಟೆಗೆ ತಲುಪುವ ಮೊದಲೇ ಅರ್ಧ ಒಣಗುತ್ತವೆ. ಆಮೇಲೆ ಒಂದಕ್ಕೊಂದು ಬೆರೆಯುವುದಿಲ್ಲ, ಪುಡಿಯಾಗಿ ಕೂರುತ್ತವೆ.

ಸರಿಹೋಗಿದ್ದು ಹೀಗೆ. ಒರಟಾದ ತಟ್ಟೆಯನ್ನು ಒಂದು ದಿನ ಪೂರ್ತಿ ಒಣಗಲು ಬಿಟ್ಟು, 600 ನಂಬರಿನ ಉಪ್ಪುಕಾಗದದಿಂದ ಹಗುರವಾಗಿ ತಿಕ್ಕಿದೆ. ಸ್ಪ್ರೇ ಪದರ ಮಾತ್ರ ತೆಗೆಯಬೇಕು, ಬಣ್ಣ ಮುಟ್ಟಬಾರದು. ಪುಡಿ ಒರೆಸಿದೆ. ಡಬ್ಬಿ ಮತ್ತು ತಟ್ಟೆ ಎರಡನ್ನೂ ರಾತ್ರಿಯೇ ಒಳಗಿನ ತಂಪು ಕೋಣೆಯಲ್ಲಿಟ್ಟೆ. ಬೆಳಗ್ಗೆ ಬಿಸಿಲೇರುವ ಮೊದಲು ಫ್ಯಾನ್ ಆರಿಸಿ, ಕಿಟಕಿ ತೆರೆದು, ಮಾಸ್ಕ್ ಹಾಕಿಕೊಂಡು ಶುರು ಮಾಡಿದೆ. ಹತ್ತಿರ ಒಲೆ, ದೀಪ ಇರಲೇಬಾರದು.

ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ. ದೂರ 20 ಸೆಂಟಿಮೀಟರ್, ಅಂದರೆ ಸುಮಾರು ಒಂದು ಗೇಣು. ತಟ್ಟೆಯ ಅಂಚಿನ ಹೊರಗೇ ಒತ್ತಲು ಶುರು ಮಾಡಿ, ಆಚೆ ದಾಟಿದ ಮೇಲೆ ಬಿಡಿ. ಮೇಲ್ಮೈ ಒಂದೇ ಸಮ ಒದ್ದೆಯಾಗಿ ಹೊಳೆದರೆ ಸಾಕು, ಹರಿಯುವಷ್ಟು ಬೇಡ. 15 ನಿಮಿಷ ಬಿಟ್ಟು, ಎರಡನೇ ಕೋಟನ್ನು ಅಡ್ಡ ದಿಕ್ಕಿನಲ್ಲಿ ಹೊಡೆಯಿರಿ. ಮೂರನೆಯದು ಮತ್ತೆ ಮೊದಲಿನ ದಿಕ್ಕಿನಲ್ಲಿ.