ಷಷ್ಠಿ ಜಾತ್ರೆಯಲ್ಲಿ ಕುದ್ದ ಮಾರುತಿ

ಷಷ್ಠಿ ದಿನ ಮೈಸೂರು ಪಕ್ಕದ ಸಿದ್ದಲಿಂಗಪುರದ ಮುಂದೆ ಹಾದುಹೋದವರಿಗೆ ಗೊತ್ತಿರುತ್ತದೆ. ಹುತ್ತಕ್ಕೆ ತನಿ ಎರೆಯಲು ಬಂದವರು ಬೆಳಗಿನ ಜಾವದಿಂದಲೇ ರಸ್ತೆಯುದ್ದಕ್ಕೂ ತುಂಬಿರುತ್ತಾರೆ. ಗಾಡಿಗಳು ತೆವಳುತ್ತವೆ. ನಾನು ಮಂಡ್ಯದವನು, ಕೆಲಸಕ್ಕೆ ವಾರದಲ್ಲಿ ಎರಡು ಮೂರು ಸಲ ಮೈಸೂರಿಗೆ ಓಡಾಡುತ್ತೇನೆ. ಆದರೂ ಅವತ್ತು ಷಷ್ಠಿ ಅನ್ನುವುದೇ ಮರೆತು ಶ್ರೀರಂಗಪಟ್ಟಣದ ಹಳೇ ರಸ್ತೆ ಹಿಡಿದುಬಿಟ್ಟಿದ್ದೆ.

ನಮ್ಮದು 1997ರ ಮಾರುತಿ 800. ಅಪ್ಪ ತೆಗೆದುಕೊಂಡಿದ್ದು. 796 ಸಿಸಿ, ಮೂರು ಸಿಲಿಂಡರ್, ಕಾರ್ಬುರೇಟರ್ ಗಾಡಿ, ಎಸಿ ಇದೆ. ಜನಜಂಗುಳಿಯಲ್ಲಿ ಹತ್ತು ನಿಮಿಷ ತೆವಳುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮುಕ್ಕಾಲು ದಾಟಿತು. ಎಸಿ ಆಫ್ ಮಾಡಿ ಹೀಟರ್ ಪೂರ್ತಿ ತಿರುಗಿಸಿದೆ. ಬೆವರಿಳಿಯುವ ಹೊತ್ತಲ್ಲಿ ಹೀಟರ್ ಹಾಕಿದವನನ್ನು ಪಕ್ಕದ ಆಟೋದವರು ವಿಚಿತ್ರವಾಗಿ ನೋಡಿದರು. ಆದರೆ ಅದು ಕೆಲಸ ಮಾಡುತ್ತದೆ. ರೇಡಿಯೇಟರ್ ಅಂದರೆ ಇಂಜಿನ್ನಿನ ಬಿಸಿನೀರನ್ನು ಗಾಳಿಗೆ ಆರಿಸುವ ಜಾಲರಿ. ಹೀಟರ್ ಅಂದರೆ ಒಳಗೆ ಅಂಥದ್ದೇ ಇನ್ನೊಂದು ಪುಟ್ಟ ರೇಡಿಯೇಟರ್ ಇದ್ದಂತೆ. ಮುಳ್ಳು ಒಂದು ಗೆರೆ ಇಳಿಯಿತು, ಮತ್ತೆ ಏರಿತು. ಕೊನೆಗೆ ಬಾನೆಟ್ ಸಂದಿಯಿಂದ ಹಬೆ ಬಂತು. ಪಕ್ಕಕ್ಕೆ ತಳ್ಳಿ ನಿಲ್ಲಿಸಿದೆ.

ಯಾರೋ ಪುಣ್ಯಾತ್ಮರು ಬಿಂದಿಗೆಯಲ್ಲಿ ತಣ್ಣೀರು ತಂದು ಇಂಜಿನ್ ಮೇಲೆ ಸುರಿಯಲು ಬಂದರು. ಕೈಮುಗಿದು ತಡೆದೆ. ಇದರ ಹೆಡ್, ಅಂದರೆ ಇಂಜಿನ್ನಿನ ಮೇಲ್ಭಾಗ, ಅಲ್ಯೂಮಿನಿಯಂ. ಕಾದ ಹೆಡ್ಡಿಗೆ ತಣ್ಣೀರು ಬಿದ್ದರೆ ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಆಮೇಲೆ ಖರ್ಚು ಸಾವಿರಗಳಲ್ಲಿ. ರೇಡಿಯೇಟರ್ ಮುಚ್ಚಳವನ್ನೂ ಮುಟ್ಟಲಿಲ್ಲ. ಒಳಗೆ ಒತ್ತಡದಲ್ಲಿರುವ ನೀರು ಮುಚ್ಚಳ ತಿರುಗಿಸಿದ ಕ್ಷಣ ಮುಖಕ್ಕೆ ಚಿಮ್ಮುತ್ತದೆ. ಮುಕ್ಕಾಲು ಗಂಟೆ ಸುಮ್ನೆ ಕಡಲೆಕಾಯಿ ತಿನ್ನುತ್ತಾ ಕೂತೆ.

ಇದೇನು ಮೊದಲ ಸಲ ಅಲ್ಲ. ಆರು ತಿಂಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಇದೇ ದೂರಿಗೆ ಎರಡು ಕೆಲಸ ಮಾಡಿದ್ದರು. ಇಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಕಿತ್ತುಹಾಕಿ 'ನಮ್ಮ ಹವಾಕ್ಕೆ ಇದು ಬೇಕಿಲ್ಲ ಸಾರ್' ಅಂದರು. ಫ್ಯಾನಿಗೆ ಕೀ ಆನ್ ಮಾಡಿದ ಕೂಡಲೇ ತಿರುಗುವ ಹಾಗೆ 'ಡೈರೆಕ್ಟ್' ಕೊಟ್ಟರು. ಷಷ್ಠಿ ಆದಮೇಲೆ ಇನ್ನೊಂದು ಕಡೆ ತೋರಿಸಿದೆ. ಅಲ್ಲಿ ಬಾನೆಟ್ ಎತ್ತಿ ಎರಡು ನಿಮಿಷ ನೋಡಿ, ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಕೆಳಗೆ ನೀರು, ಆಯಿಲ್, ಉರಿಯುವ ಗ್ಯಾಸ್ ಒಂದಕ್ಕೊಂದು ಸೇರದ ಹಾಗೆ ತಡೆಯುವ ಪದರ) ಹೋಗಿದೆ, ಹೆಡ್ ಇಳಿಸಬೇಕು ಅಂದರು. ಎರಡೇ ನಿಮಿಷಕ್ಕೆ ಅದು ಹೇಗೆ ಗೊತ್ತಾಯಿತು ಅಂತ ನನಗೆ ಅನುಮಾನ ಬಂತು. ಗಾಡಿ ವಾಪಸ್ ತಂದೆ.

ನಮ್ಮ ಪಕ್ಕದ ಬೀದಿಯಲ್ಲಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವರೊಬ್ಬರಿದ್ದಾರೆ. ಎಲ್ಲರೂ ಡಿಪೋ ಅಣ್ಣ ಅಂತಲೇ ಕರೆಯುವುದು. ಅವರ ಮುಂದೆ ಗೋಳು ತೋಡಿಕೊಂಡೆ. ಅವರು ಬಾನೆಟ್ ಕಡೆ ತಿರುಗಿಯೂ ನೋಡಲಿಲ್ಲ.

"ಅದ್ಯಾವಾಗ ಬಿಸಿಯಾಯ್ತದೆ ಅನ್ನೋದ್ನ ಮೊದ್ಲು ಹೇಳಪ್ಪ. ನಿಂತಾಗ್ಲೋ, ಓಡ್ವಾಗ್ಲೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಂತಾಗ, ನಿಧಾನವಾಗಿ ಹೋಗುವಾಗ ಬಿಸಿಯಾದರೆ ಗಾಳಿಯ ತೊಂದರೆ, ಅಂದರೆ ಫ್ಯಾನ್ ಕಡೆ ನೋಡಬೇಕು. ಜೋರಾಗಿ ಓಡುವಾಗ, ಏರು ಹತ್ತುವಾಗ ಬಿಸಿಯಾದರೆ ನೀರಿನ ತೊಂದರೆ, ಅಂದರೆ ರೇಡಿಯೇಟರ್ ಕಟ್ಟಿರಬೇಕು ಇಲ್ಲ ಪಂಪ್ ಸೋತಿರಬೇಕು. ಎರಡೂ ಕಡೆ ಬಿಸಿಯಾದರೆ ಎರಡನ್ನೂ ನೋಡು ಅಂದರು. ಒಂದು ವಾರ ಡ್ಯಾಶ್‌ಬೋರ್ಡಿನಲ್ಲಿ ಮಗಳ ಹಳೇ ನೋಟ್‌ಬುಕ್ ಇಟ್ಟುಕೊಂಡು ಬರೆದೆ. ಊರೊಳಗೆ ಸಿಗ್ನಲ್ಲಿನಲ್ಲಿ ಮುಳ್ಳು ಏರುತ್ತಿತ್ತು. ಖಾಲಿ ರಸ್ತೆಯಲ್ಲಿ ಐವತ್ತು ಅರವತ್ತರಲ್ಲಿ ಹೋದರೆ ಇಳಿಯುತ್ತಿತ್ತು. ಎಕ್ಸ್‌ಪ್ರೆಸ್‌ವೇಯಲ್ಲಿ ಎಂಬತ್ತು ದಾಟಿದರೆ ಮತ್ತೆ ಏರುತ್ತಿತ್ತು. ಎರಡೂ ಕಾಯಿಲೆ ಇತ್ತು ಅಲ್ವಾ!

ಮೊದಲು ಹೆಡ್ ಗ್ಯಾಸ್ಕೆಟ್ ಭಯ ಕಳೆದುಕೊಳ್ಳಬೇಕಿತ್ತು. ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಕಪ್ಪಗೇ ಇತ್ತು, ಡಿಕಾಕ್ಷನ್ನಿಗೆ ಹಾಲು ಬೆರೆತ ಬಣ್ಣ ಇರಲಿಲ್ಲ. ಬೆಳಿಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ರೇಡಿಯೇಟರ್ ಬಾಯಲ್ಲಿ ಗುಳ್ಳೆ ಬರುತ್ತಾ ಅಂತ ನೋಡಿದೆ. ಒಂದೆರಡು ಬಂದು ನಿಂತವು, ಬಿಡದೆ ಬರಲಿಲ್ಲ. ಮುಚ್ಚಳ ಹಾಕಿ ಮತ್ತೆ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಹಿಚುಕಿದೆ. ಗ್ಯಾಸ್ಕೆಟ್ ಹೋಗಿದ್ದರೆ ಇಂಜಿನ್ ಕಾಯುವ ಮೊದಲೇ ಹೋಸ್ ಕಲ್ಲಿನ ಹಾಗೆ ಬಿಗಿಯಾಗುತ್ತದೆ. ಇಲ್ಲಿ ಮೆತ್ತಗೇ ಇತ್ತು. ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಇಲ್ಲ. ಜಾತ್ರೆಯಲ್ಲಿ ಹೀಟರ್ ಬಿಸಿ ಗಾಳಿ ಕೊಟ್ಟಿದ್ದರಿಂದ ಪಂಪ್ ನೀರು ತಳ್ಳುತ್ತಿದೆ ಅನ್ನುವುದೂ ಖಾತ್ರಿಯಾಯಿತು.

ಫ್ಯಾನ್ ಸರಿಯಿದೆ, ಕೀ ಹಾಕಿದ ತಕ್ಷಣ ತಿರುಗುತ್ತೆ ಅಂದೆ. ಡಿಪೋ ಅಣ್ಣ ನಕ್ಕರು. "ತಿರುಗ್ತಾ ಅದೆ ಅಂದ್ರೆ ಸಾಲ್ದು ಕಣಪ್ಪ. ಯಾವ ಕಡೀಕೆ ತಿರುಗ್ತಾ ಅದೆ ನೋಡು."

ಹಿಂದಿನ ದಿನದ ಪೇಪರಿನ ಒಂದು ಹಾಳೆ ಹರಿದು ಗ್ರಿಲ್ಲಿನ ಮುಂದೆ ಹಿಡಿದೆ. ಇಂಜಿನ್ ಪಕ್ಕ ಕೂತಿರುವ ಫ್ಯಾನ್ ಹೊರಗಿನ ಗಾಳಿಯನ್ನು ರೇಡಿಯೇಟರ್ ಮೂಲಕ ಒಳಕ್ಕೆ ಎಳೆಯಬೇಕು. ಹಾಳೆ ಗ್ರಿಲ್ಲಿಗೆ ಅಂಟಿಕೊಳ್ಳಬೇಕು. ನನ್ನ ಹಾಳೆ ಪಟಪಟ ಅಂತ ನನ್ನ ಎದೆಯ ಕಡೆಗೇ ಹಾರಿತು! ಡೈರೆಕ್ಟ್ ಕೊಡುವಾಗ ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿದ್ದರು. ಡಿಸಿ ಮೋಟರ್ ಆದ್ದರಿಂದ ಉಲ್ಟಾ ಕೊಟ್ಟರೆ ಉಲ್ಟಾ ತಿರುಗುತ್ತದೆ ಅಷ್ಟೇ, ಫ್ಯೂಸ್ ಕೂಡ ಹೋಗುವುದಿಲ್ಲ. ಆರು ತಿಂಗಳು ಇಂಜಿನ್ನಿನ ಬಿಸಿ ಗಾಳಿಯನ್ನೇ ರೇಡಿಯೇಟರಿಗೆ ಊದಿಸುತ್ತಾ ಓಡಾಡಿದ್ದೇನೆ. ನೋಡಿದವರೆಲ್ಲ ಫ್ಯಾನ್ ತಿರುಗುತ್ತಿದೆ ಅಂತ ಮುಂದಕ್ಕೆ ಹೋಗಿದ್ದಾರೆ, ನನ್ನನ್ನೂ ಸೇರಿಸಿ.

ವೈರ್ ತಿರುಗಿಸಿ ಕೊಟ್ಟೆ. ಹಾಳೆ ಗ್ರಿಲ್ಲಿಗೆ ಅಂಟಿತು, ಆದರೆ ಒಂದು ಬದಿ ಮಾತ್ರ. ಇನ್ನೊಂದು ಬದಿ ಜೋತುಬಿತ್ತು. ಅಂದರೆ ಆ ಭಾಗದಲ್ಲಿ ಗಾಳಿಗೆ ದಾರಿಯೇ ಇಲ್ಲ. ಮುಂದಿನಿಂದ ಟಾರ್ಚ್ ಬಿಟ್ಟು ನೋಡಿದರೆ ಎಸಿ ಕಂಡೆನ್ಸರ್, ಅಂದರೆ ಎಸಿಯ ಬಿಸಿ ಹೊರಬಿಡುವ ಜಾಲರಿ, ಚೊಕ್ಕಟವಾಗಿ ಕಾಣುತ್ತಿತ್ತು. ಅದರ ಹಿಂದೆ ರೇಡಿಯೇಟರ್. ಎರಡರ ನಡುವೆ ಎರಡು ಬೆರಳಿನಷ್ಟು ಸಂದಿ. ಅಲ್ಲಿಗೆ ಟಾರ್ಚೂ ಹೋಗಲ್ಲ, ಕಣ್ಣೂ ಹೋಗಲ್ಲ.

ರೇಡಿಯೇಟರ್ ಬಿಚ್ಚುವ ಮೊದಲು ಇನ್ನೊಂದು ಪರೀಕ್ಷೆ ಮಾಡಿದೆ. ದೂರದಿಂದಲೇ ಶಾಖ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದನ್ನು ತರಿಸಿಕೊಂಡಿದ್ದೆ. ಒಂದು ಕಿವಿಮಾತು: ಹೊಳೆಯುವ ಲೋಹಕ್ಕೆ ಹಿಡಿದರೆ ಅದು ಸುಳ್ಳು ಹೇಳುತ್ತದೆ, ಕಮ್ಮಿ ತೋರಿಸುತ್ತದೆ. ಅಲ್ಲಲ್ಲಿ ಕರಿ ಇನ್ಸುಲೇಶನ್ ಟೇಪ್ ತುಂಡು ಅಂಟಿಸಿ ಅದರ ಮೇಲೆ ಹಿಡಿಯಬೇಕು. ಇಂಜಿನ್ ಚೆನ್ನಾಗಿ ಕಾಯಿಸಿ ಫ್ಯಾನ್ ಬದಿಯಿಂದ ಅಂಗೈ ಅಗಲಕ್ಕೊಂದರಂತೆ ನೋಡಿಕೊಂಡು ಹೋದೆ. ಒಂದು ಕಡೆ 88, 86, 87. ಪಕ್ಕದಲ್ಲೇ 61. ಆಮೇಲೆ 58. ಬಿಸಿನೀರು ಹರಿಯುವ ರೇಡಿಯೇಟರಿನ ನಟ್ಟನಡುವೆ ತಣ್ಣನೆಯ ಪಟ್ಟಿ ಇದೆ ಅಂದರೆ ಅಲ್ಲಿ ಕೊಳವೆಗಳು ಕಟ್ಟಿವೆ, ನೀರು ಹೋಗುತ್ತಿಲ್ಲ ಅಂತ ಅರ್ಥ. ಜೋರಾಗಿ ಓಡಿಸಿದಾಗ ಮುಳ್ಳು ಏರುತ್ತಿದ್ದುದು ಇದಕ್ಕೇ.

ಭಾನುವಾರ ಬಿಚ್ಚಿದೆ. ಕೆಳಗಿನ ಹೋಸ್ ಕಳಚಿದಾಗ ಬಂದದ್ದು ಕೆಮ್ಮಣ್ಣು ಕಲಸಿದ ನೀರು. ಇದರಲ್ಲಿ ನನ್ನದೇ ಪಾಲು ಜಾಸ್ತಿ. ವರ್ಷಾನುಗಟ್ಟಲೆ ನೀರು ಕಮ್ಮಿಯಾದಾಗಲೆಲ್ಲ ಮನೆ ಹಿತ್ತಲಿನ ಬೋರ್ ನೀರು ಸುರಿದಿದ್ದೇನೆ. ಆ ನೀರು ಕಾಯಿಸುವ ನಮ್ಮ ಹಂಡೆಯ ಒಳಗೆ ಸುಣ್ಣದ ಪದರ ಎಷ್ಟು ದಪ್ಪ ಇದೆ ಅಂತ ದಿನಾ ನೋಡುತ್ತೇನೆ. ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಯಲ್ಲೂ ಕಟ್ಟುತ್ತದೆ ಅಂತ ಯಾವತ್ತೂ ಹೊಳೆದಿರಲಿಲ್ಲ.

ಆಮೇಲೆ ರೇಡಿಯೇಟರ್ ಎತ್ತಿ ಹೊರಗಿಟ್ಟೆ. ಮುಂದಿನ ಮೈಗೆ ಕಂಬಳಿ ಹೊದಿಸಿದ ಹಾಗಿತ್ತು. ಬೆರಳಲ್ಲಿ ಕೆರೆದರೆ ಪದರ ಪದರವಾಗಿ ಬಂತು. ಹುರುಳಿ ಸಿಪ್ಪೆ! ರಾಗಿ ಹೊಟ್ಟು, ಕಬ್ಬಿನ ತರಗಿನ ಚೂರು, ಒಂದೆರಡು ಒಣಗಿದ ಮಿಡತೆ, ಎಲ್ಲದಕ್ಕೂ ಧೂಳು ಮತ್ತು ಆಯಿಲ್ ಸೇರಿ ಗಟ್ಟಿಯಾಗಿತ್ತು. ನಮ್ಮ ಕಡೆ ಸುಗ್ಗಿಯಲ್ಲಿ ರಸ್ತೆಯೇ ಕಣ. ಹುರುಳಿ ಸೊಪ್ಪನ್ನು ಡಾಂಬರಿನ ಮೇಲೆ ಹರಡಿಬಿಟ್ಟರೆ ಹೋಗುವ ಬರುವ ಗಾಡಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಅತ್ತೆ ಮನೆ ನಾಗಮಂಗಲ ಕಡೆ. ಪ್ರತಿ ವರ್ಷ ಅದರ ಮೇಲೆಯೇ ಹೋಗಿ ಬರುತ್ತೇವೆ. ಸೊಪ್ಪು ಕಾರಿನ ಅಡಿಗೆ ಸುತ್ತಿಕೊಂಡು, ಸೈಲೆನ್ಸರ್ ಕಾವಿಗೆ ಬೆಂಕಿ ಹತ್ತಿ ಕಾರೇ ಸುಟ್ಟುಹೋದ ಸುದ್ದಿ ಓದಿದ್ದೇನೆ. ಆದ್ದರಿಂದ ಊರು ದಾಟಿದ ಮೇಲೆ ಬಗ್ಗಿ ಅಡಿ ನೋಡುವ ಅಭ್ಯಾಸ ಮೊದಲೇ ಇತ್ತು. ಸಿಪ್ಪೆ ಹಾರಿ ಕಂಡೆನ್ಸರ್ ಸಂದಿಗೂ ಸೇರುತ್ತದೆ ಅನ್ನುವುದು ತಲೆಗೆ ಹೋಗಿರಲಿಲ್ಲ. ಒಂದು ಮೊರ ತುಂಬುವಷ್ಟು ಸಿಕ್ಕಿತು. ಅಮ್ಮ ಬಂದು ನೋಡಿ, "ಇದ್ನ ಎಮ್ಮೆಗಾದ್ರೂ ಹಾಕ್ಬೋದಿತ್ತಲ್ಲೋ" ಅಂದರು.

ಪ್ರೆಶರ್ ವಾಷರ್ ಹಿಡಿಯಲಿಲ್ಲ. ಹಳೇ ರೇಡಿಯೇಟರಿನ ರೆಕ್ಕೆಗಳು ಕಾಗದದಷ್ಟು ತೆಳು, ಮಡಿಚಿಬಿಡುತ್ತವೆ. ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ನೆನೆಸಿ, ತೋಟದ ಪೈಪಿನಲ್ಲಿ ಹಿಂದಿನಿಂದ ಮುಂದಕ್ಕೆ, ಅಂದರೆ ಸಿಪ್ಪೆ ಬಂದ ದಾರಿಯಲ್ಲೇ ವಾಪಸ್ ಹೋಗುವ ಹಾಗೆ ನೀರು ಬಿಟ್ಟೆ. ಮಡಿಚಿದ್ದ ರೆಕ್ಕೆಗಳನ್ನು ಹಳೇ ಬಾಚಣಿಗೆಯಲ್ಲಿ ಬಿಡಿಸಿದೆ.

ಒಳಗಿನ ಸುಣ್ಣ ಮಾತ್ರ ನನ್ನ ಕೈಯಲ್ಲಿ ಆಗುವ ಕೆಲಸವಲ್ಲ. ಮೈಸೂರಿನ ಒಂದು ರೇಡಿಯೇಟರ್ ಅಂಗಡಿಗೆ ಹೊತ್ತುಕೊಂಡು ಹೋದೆ. ನಮ್ಮದು ಹಳೇ ತಾಮ್ರ ಹಿತ್ತಾಳೆಯದು, ಆದ್ದರಿಂದ ಬದುಕಿಕೊಂಡಿತು. ಈಗಿನ ಅಲ್ಯೂಮಿನಿಯಂ ಪ್ಲಾಸ್ಟಿಕ್‌ನದಾದರೆ ಬಿಸಾಕಿ ಹೊಸದು ಹಾಕುವುದೇ ಸರಿ. ಅವರು ಬೆಸುಗೆ ಕಾಯಿಸಿ ಮೇಲಿನ ಟ್ಯಾಂಕ್ ಕಳಚಿದರು. ಕೊಳವೆಗಳ ಬಾಯಿ ಸಾಲಾಗಿ ಕಂಡವು. ಮೂರರಲ್ಲಿ ಒಂದು ಪಾಲು ಬೆಳ್ಳಗೆ ಮುಚ್ಚಿಹೋಗಿದ್ದವು. ಚಪ್ಪಟೆ ಕಂಬಿ ಹಾಕಿ ಒಂದೊಂದನ್ನೇ ತೂರಿಸಿ ತೆಗೆದರು. ಎರಡು ಗಂಟೆ ಕೆಲಸ. ಮತ್ತೆ ಬೆಸೆದು, ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಸೋರುತ್ತಾ ನೋಡಿ ಕೊಟ್ಟರು.

ಅಲ್ಲಿಂದ ಬರುವಾಗ 82 ಡಿಗ್ರಿಯ ಹೊಸ ಥರ್ಮೋಸ್ಟಾಟ್, ಹೊಸ ಮುಚ್ಚಳ, ಎರಡು ಹೋಸ್, ನೀರು ಕಾದಾಗ ಫ್ಯಾನ್ ತಾನಾಗಿ ಆನ್ ಮಾಡುವ ಹೊಸ ಸ್ವಿಚ್ ತಂದೆ. ನಮ್ಮ ಹವಾಕ್ಕೆ ಥರ್ಮೋಸ್ಟಾಟ್ ಬೇಡ ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ಅದಿಲ್ಲದ ಆರು ತಿಂಗಳೂ ಬೆಳಿಗ್ಗೆ ಇಂಜಿನ್ ಕಾಯಲು ಹೊತ್ತು ಹಿಡಿಯುತ್ತಿತ್ತು, ಚೋಕ್ ಎಳೆದುಕೊಂಡೇ ಅರ್ಧ ಊರು ದಾಟುತ್ತಿದ್ದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತಿತ್ತು. ಕುದಿಯುವುದಂತೂ ನಿಲ್ಲಲಿಲ್ಲ.

ಹೊಸದನ್ನೂ ಕಣ್ಣುಮುಚ್ಚಿ ಹಾಕಲಿಲ್ಲ. ಅಡುಗೆಮನೆಯಿಂದ ಒಂದು ಪಾತ್ರೆ ಕದ್ದು, ನೀರಲ್ಲಿ ಥರ್ಮೋಸ್ಟಾಟನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟೆ, ತಳ ತಾಗದ ಹಾಗೆ. ಪಕ್ಕದಲ್ಲಿ ಥರ್ಮಾಮೀಟರ್. 80ರವರೆಗೆ ಏನೂ ಇಲ್ಲ. 83ರ ಹತ್ತಿರ ತಟ್ಟೆ ಕೂದಲೆಳೆಯಷ್ಟು ಎದ್ದಿತು. 95ಕ್ಕೆ ಪೂರ್ತಿ ಬಾಯಿಬಿಟ್ಟಿತು. 98 ಮುಟ್ಟುವ ಮೊದಲೇ ನೀರು ಕೊತಕೊತ ಕುದಿಯತೊಡಗಿತು. ಥರ್ಮಾಮೀಟರ್ ಕೆಟ್ಟಿಲ್ಲ, ನಾವು ಸಮುದ್ರಕ್ಕಿಂತ ಎತ್ತರದಲ್ಲಿರುವುದು ಕಾರಣ. ಸುಮಾರು 770 ಮೀಟರ್ ಎತ್ತರದ ಮೈಸೂರಿನಲ್ಲಿ 97ರ ಆಸುಪಾಸಿಗೇ ನೀರು ಕುದಿಯುತ್ತದೆ. ಮುಚ್ಚಳದ ಬೆಲೆ ಗೊತ್ತಾಗುವುದು ಇಲ್ಲೇ. ಅದರ ಸ್ಪ್ರಿಂಗ್ ಒಳಗೆ ಒತ್ತಡ ಹಿಡಿದಿಟ್ಟು ಕುದಿಯುವ ಬಿಂದುವನ್ನು ಇಪ್ಪತ್ತು ಡಿಗ್ರಿಯಷ್ಟು ಮೇಲಕ್ಕೆ ತಳ್ಳುತ್ತದೆ. ನನ್ನ ಹಳೇ ಮುಚ್ಚಳದ ರಬ್ಬರ್ ಬಿಸ್ಕತ್ತಿನ ಹಾಗೆ ಮುರಿಯಿತು. ಎಲ್ಲಕ್ಕಿಂತ ಅಗ್ಗದ ಸಾಮಾನು ಅದು, ಯಾರೂ ಬದಲಾಯಿಸಿರಲಿಲ್ಲ.

ಡೈರೆಕ್ಟ್ ವೈರ್ ಕಿತ್ತು ಸ್ವಿಚ್ ಮೂಲಕವೇ ಫ್ಯಾನ್ ತಿರುಗುವ ಹಾಗೆ ಮಾಡಿದೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ ಬೆರೆಸಿ ತುಂಬಿದೆ. ಗಾಳಿ ಹೋಗುವವರೆಗೆ ಮುಚ್ಚಳ ತೆಗೆದು, ಹೀಟರ್ ಆನ್ ಮಾಡಿ, ಗಾಡಿಯ ಮೂತಿ ಸ್ವಲ್ಪ ಮೇಲಾಗುವ ಹಾಗೆ ದಿಬ್ಬದ ಮೇಲೆ ನಿಲ್ಲಿಸಿ ಓಡಿಸಿದೆ. ನಾಲ್ಕೈದು ಸಲ ಗುಳುಕ್ ಅಂದು ಮಟ್ಟ ಇಳಿಯಿತು, ಅಷ್ಟೂ ಸಲ ಮತ್ತೆ ತುಂಬಿದೆ. ಚೆಲ್ಲಿದ್ದನ್ನು ತಕ್ಷಣ ತೊಳೆದೆ. ಕೂಲೆಂಟ್ ಸಿಹಿ ಇರುತ್ತದೆ, ವಿಷ. ಬೀದಿನಾಯಿ ನೆಕ್ಕಿದರೆ ಉಳಿಯುವುದಿಲ್ಲ.

ಪರೀಕ್ಷೆಗೆ ಚಾಮುಂಡಿ ಬೆಟ್ಟಕ್ಕಿಂತ ಒಳ್ಳೆ ಜಾಗ ಇಲ್ಲ. ಮೈಸೂರಿಗಿಂತ ಸುಮಾರು 300 ಮೀಟರ್ ಮೇಲೆ, ಒಂದೇ ಸಮನೆ ಏರು. ಮಧ್ಯಾಹ್ನ ಎರಡು ಗಂಟೆಗೆ, ಎಸಿ ಹಾಕಿ, ಡಿಪೋ ಅಣ್ಣನನ್ನೂ ಅಮ್ಮನನ್ನೂ ಕೂರಿಸಿಕೊಂಡು ಎರಡನೇ ಗೇರಿನಲ್ಲಿ ಹತ್ತಿಸಿದೆ. ಮುಳ್ಳು ಅರ್ಧದಿಂದ ಒಂದು ಗೆರೆ ಮೇಲೆ ಹೋಗಿ ನಿಂತಿತು. ಮೇಲೆ ಪಾರ್ಕಿಂಗಿನ ಸಾಲಿನಲ್ಲಿ ನಿಂತಾಗ ಫ್ಯಾನ್ ತಾನಾಗಿ ಶುರುವಾಯಿತು, ಎರಡು ನಿಮಿಷಕ್ಕೆ ತಾನಾಗಿ ನಿಂತಿತು. ಅಮ್ಮ ದೇವಿಗೆ ಕೈಮುಗಿದರು. ಡಿಪೋ ಅಣ್ಣ ಬಾನೆಟ್ ಎತ್ತಿಸಿ ಕೆಳಗಿನ ಹೋಸಿನ ಬುಡಕ್ಕೆ ಬೆರಳು ಒರೆಸಿ ನನಗೆ ತೋರಿಸಿದರು. ತುದಿ ಹಸಿರಾಗಿ ಒದ್ದೆಯಾಗಿತ್ತು. ಹೋಸ್ ಹೊಸದು ಹಾಕಿ ಕ್ಲಿಪ್ ಹಳೇದೇ ಬಿಟ್ಟಿದ್ದೆ.

"ನಲವತ್ತು ರೂಪಾಯಿದು ಕಣಪ್ಪ," ಅಂದರು. ಇಳಿಯುವಾಗ ದಾರಿಯಲ್ಲೇ ನಿಲ್ಲಿಸಿ ಎರಡು ಕ್ಲಿಪ್ ತೆಗೆದುಕೊಂಡೆವು.