ಆಲ್ಟೊಗೆ ಹತ್ತು ಇಂಚಿನ ಸಬ್‌ವೂಫರ್: ನನ್ನ ಅನುಭವ

ಆಲ್ಟೊ 800ರಂಥ ಚಿಕ್ಕ ಕಾರಿಗೆ ಸಬ್‌ವೂಫರ್, ಅಂದರೆ ಬೇಸ್ ಎನ್ನುವ ತಗ್ಗಿನ ಸ್ವರಗಳಿಗೆಂದೇ ಇರುವ ದೊಡ್ಡ ಸ್ಪೀಕರ್, ಹಾಕಿದರೆ ಬ್ಯಾಟರಿ ಇಳಿದುಹೋಗುತ್ತದೆ, ಡಿಕ್ಕಿ ಪೂರ್ತಿ ಹೋಗುತ್ತದೆ, ಅಷ್ಟೆಲ್ಲ ಕಳೆದುಕೊಂಡರೂ ಬೇಸ್ ಮಾತ್ರ ಬರುವುದಿಲ್ಲ ಎಂದು ಹಾಸನದಲ್ಲಿ ನನಗೆ ಹೇಳದವರಿಲ್ಲ. ಬಿ.ಎಂ. ರಸ್ತೆಯ ಒಂದು ಅಂಗಡಿಯವರು ಬಾನೆಟ್ ಎತ್ತಿ ಬ್ಯಾಟರಿ ನೋಡಿದ ಕೂಡಲೇ ಆಗುವುದಿಲ್ಲ ಎಂದುಬಿಟ್ಟರು. ನಮ್ಮ ಭಾವ, "ಆ ದುಡ್ಡು ಹಾಗೇ ಇಟ್ಟುಕೋ, ದೊಡ್ಡ ಗಾಡಿ ತೆಗೆದುಕೊಂಡಾಗ ಹಾಕಿಸುವೆಯಂತೆ" ಎಂದರು. ಆದರೂ ಹಾಕಿದೆ, ಈಗ ಎರಡು ಮಳೆಗಾಲ ಕಳೆದಿವೆ. ಅದೇ 35 ಎಎಚ್ (ಆಂಪಿಯರ್-ಅವರ್) ಬ್ಯಾಟರಿ, ಅದನ್ನು ಚಾರ್ಜ್ ಮಾಡುವ ಅದೇ ಆಲ್ಟರ್ನೇಟರ್. ಸಕಲೇಶಪುರಕ್ಕೆ ಹೋಗುವುದಿದ್ದರೆ ಭಾವ ತಮ್ಮ ವ್ಯಾಗನ್ ಆರ್ ಮನೆಯಲ್ಲೇ ಬಿಟ್ಟು ನನ್ನ ಗಾಡಿ ಹತ್ತುತ್ತಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ನನ್ನ ಕಸುಬು ಮೋಟಾರ್ ರಿವೈಂಡಿಂಗ್. ಬೆಳಗಿನಿಂದ ಸಂಜೆಯವರೆಗೆ ಕೈಯಲ್ಲಿ ತಾಮ್ರದ ತಂತಿ. ಆಂಪ್ಲಿಫೈಯರ್ (ಸದ್ದಿಗೆ ಬಲ ಕೊಡುವ ಸಾಧನ) ಎಂದರೇನು, ಕ್ರಾಸ್‌ಓವರ್ (ಸ್ವರಗಳನ್ನು ಸ್ಪೀಕರ್‌ಗಳಿಗೆ ಹಂಚುವ ಭಾಗ) ಎಂದರೇನು ಎಂದು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಈ ಹುಚ್ಚು ಇರುವವರಿಗೆ ಅದೆಲ್ಲ ಗೊತ್ತಿರುತ್ತದೆ. ಎಲ್ಲಿ ದುಡ್ಡು ಹೋಯಿತು, ಎಲ್ಲಿ ಉಳಿಯಿತು ಎಂಬುದನ್ನು ಹೇಳುತ್ತೇನೆ.

ಶುರುವಾದದ್ದು ಹೊಳೆನರಸೀಪುರದ ಒಬ್ಬ ಟ್ಯಾಕ್ಸಿ ಚಾಲಕರಿಂದ ಕೊಂಡ ಹನ್ನೆರಡು ಇಂಚಿನ ಬೇಸ್ ಟ್ಯೂಬ್‌ನಿಂದ, ಅಂದರೆ ಕೊಳವೆಯೊಳಗೆ ಕೂರಿಸಿದ ಸಬ್‌ವೂಫರ್‌ನಿಂದ. ಸೆಕೆಂಡ್ ಹ್ಯಾಂಡ್, 3,500 ರೂಪಾಯಿ. ಮೇಲೆ 1,200 ವಾಟ್ ಎಂದು ಅಚ್ಚಾಗಿತ್ತು. ಡಿಕ್ಕಿಯಲ್ಲಿ ಅದನ್ನಿಟ್ಟ ಮೇಲೆ ಒಂದು ಕೈಚೀಲಕ್ಕೂ ಜಾಗವಿರಲಿಲ್ಲ. ಆಲ್ಟೊದ ಡಿಕ್ಕಿ ಇರುವುದೇ 177 ಲೀಟರ್. ಸದ್ದಂತೂ ಜೋರಾಗಿತ್ತು, ಆದರೆ ಒಂದೇ ಸ್ವರ. ತಬಲಾದ ಡಗ್ಗ ಬಾರಿಸಿದರೂ ಅದೇ ಗುಂಯ್, ಬೇಸ್ ಗಿಟಾರ್ ಬಂದರೂ ಅದೇ ಗುಂಯ್. ಕೊಳವೆಯಲ್ಲಿ ಗಾಳಿ ಹೋಗಲು ಬಿಟ್ಟಿರುವ ಪೋರ್ಟ್ ಒಂದು ಆವರ್ತನದ (ಸ್ವರದ ಕಂಪನ, ಅಳತೆ ಹರ್ಟ್ಸ್) ಸುತ್ತ ಸದ್ದನ್ನು ಉಬ್ಬಿಸುತ್ತದೆ, ಅದರ ಕೆಳಗೆ ಏನೂ ಉಳಿಯುವುದಿಲ್ಲ. ಅಂಗಡಿಯಲ್ಲಿ ಐದು ನಿಮಿಷ ಕೇಳಿದರೆ ಖುಷಿಯಾಗುತ್ತದೆ, ಹಾಸನದಿಂದ ಬೇಲೂರಿಗೆ ಹೋಗುವಷ್ಟರಲ್ಲಿ ತಲೆನೋವು. 2,000ಕ್ಕೆ ಮಾರಿದೆ.

ಆಗಲೇ ನನಗೆ ಹೊಳೆದದ್ದು, ಚಿಕ್ಕ ಕಾರಿಗೆ ದೊಡ್ಡ ಪೆಟ್ಟಿಗೆ ಬೇಕಾಗಿಲ್ಲ, ಮುಚ್ಚಿದ ಚಿಕ್ಕ ಪೆಟ್ಟಿಗೆ ಬೇಕು ಎಂದು. ಮುಚ್ಚಿದ ಪೆಟ್ಟಿಗೆಯಲ್ಲಿ ಕೆಳಗಿನ ಸ್ವರಗಳ ಸದ್ದು ಥಟ್ಟನೆ ನಿಲ್ಲದೆ ನಿಧಾನವಾಗಿ ಇಳಿಯುತ್ತ ಹೋಗುತ್ತದೆ. ಕಾರಿನ ಒಳಗೋ, ಸುಮಾರು 70 ಹರ್ಟ್ಸ್‌ಗಿಂತ ಕೆಳಗೆ ಗಾಳಿಯ ಒತ್ತಡವೇ ಬೇಸ್ ಅನ್ನು ಎತ್ತಿಕೊಡುತ್ತದೆ. ಕ್ಯಾಬಿನ್ ಚಿಕ್ಕದಾದಷ್ಟೂ ಈ ಸಹಾಯ ಇನ್ನೂ ಮೇಲಿನ ಸ್ವರದಿಂದಲೇ ಶುರುವಾಗುತ್ತದೆ. ಅಂದರೆ ಈ ವಿಷಯದಲ್ಲಿ ಇನ್ನೋವಾಗಿಂತ ಆಲ್ಟೊ ಅದೃಷ್ಟವಂತ ಗಾಡಿ. ಇದನ್ನು ಅಂಗಡಿಯವರಿಗೆ ಹೇಳಿದರೆ ನಕ್ಕರು. ಭಾವನಿಗೆ ನಂಬಿಕೆ ಬರಿಸಲು ಆಮೇಲೆ ಒಂದು ಪ್ರಯೋಗ ಮಾಡಿದೆ. ಅದೇ ಪೆಟ್ಟಿಗೆ, ಅದೇ ಆಂಪ್ಲಿಫೈಯರ್ ಎರಡನ್ನೂ ಮನೆಯ ಹಾಲ್‌ಗೆ ತಂದು ಯುಪಿಎಸ್ ಬ್ಯಾಟರಿಗೆ ಜೋಡಿಸಿ ಹಾಡು ಹಾಕಿದೆ. ಸೊರಗಿದ ಸದ್ದು. ಅಲ್ಲಿಂದ ನೇರವಾಗಿ ಕಾರಿನಲ್ಲಿಟ್ಟು ಹಾಕಿದೆ, ಸೀಟು ನಡುಗಿತು. ಕಿಟಕಿ ಇಳಿಸಿದರೆ ಬೇಸ್ ಇಳಿಯುತ್ತದೆ, ಏರಿಸಿದರೆ ಬರುತ್ತದೆ. ಭಾವ ಹತ್ತಾರು ಸಲ ಗಾಜು ಏರಿಸಿ ಇಳಿಸಿ ನೋಡಿದರು.

ಡ್ರೈವರ್ (ಪೆಟ್ಟಿಗೆಗೆ ಕೂರಿಸುವ ಸ್ಪೀಕರ್) ಮತ್ತು ಆಂಪ್ಲಿಫೈಯರ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡದ್ದು. ಡ್ರೈವರ್ ಹತ್ತು ಇಂಚು, ರೋಧ 4 ಓಮ್, 250 ವಾಟ್ ಆರ್‌ಎಂಎಸ್ (ನಿರಂತರವಾಗಿ ತಡೆಯುವ ಶಕ್ತಿ), ಸುಮಾರು 3,200. ಆಂಪ್ಲಿಫೈಯರ್ ಕ್ಲಾಸ್ ಡಿ (ಕಡಿಮೆ ಕರೆಂಟು ವ್ಯರ್ಥ ಮಾಡುವ ಬಗೆ) ಮೋನೊಬ್ಲಾಕ್ (ಒಂದೇ ಚಾನೆಲ್‌ನದು), 6,000ದ ಹತ್ತಿರ. ಮೇಲೆ 1,500 ವಾಟ್ ಎಂದು ಬರೆದಿರುವುದನ್ನು ನೋಡಬೇಡಿ, ಪಕ್ಕದಲ್ಲಿ ಚುಚ್ಚಿರುವ ಫ್ಯೂಸ್ ನೋಡಿ. 30 ಆಂಪಿಯರ್ ಫ್ಯೂಸ್ ಎಂದರೆ 13.8 ವೋಲ್ಟ್‌ನಲ್ಲಿ 414 ವಾಟ್ ಒಳಗೆ ಹೋಗುತ್ತದೆ, ಕ್ಲಾಸ್ ಡಿ ಆದರೆ ಅದರಲ್ಲಿ ನೂರಕ್ಕೆ ಎಂಬತ್ತು ಹೊರಗೆ ಬರುತ್ತದೆ. ಸುಮಾರು 330. ನನಗೆ ಅಷ್ಟು ಸಾಕು, ಅದಕ್ಕಿಂತ ಹೆಚ್ಚು ಬೇಡ. ಹಳೆಯ ಕ್ಲಾಸ್ ಎಬಿ ಆಂಪ್ಲಿಫೈಯರ್ ಅಗ್ಗಕ್ಕೆ ಸಿಗುತ್ತಿತ್ತು, ಆದರೆ ಅದು ತೆಗೆದುಕೊಂಡ ಕರೆಂಟಿನ ಅರ್ಧದಷ್ಟನ್ನು ಶಾಖ ಮಾಡಿ ಕಳೆಯುತ್ತದೆ. 35 ಎಎಚ್ ಬ್ಯಾಟರಿಯ ಗಾಡಿಯಲ್ಲಿ ಅಂಥ ದುಂದಿಗೆ ಜಾಗವಿಲ್ಲ.

ಪೆಟ್ಟಿಗೆಯದೇ ದೊಡ್ಡ ಕಥೆ. ಮೊದಲನೆಯದನ್ನು 18 ಎಂಎಂ ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಮಾಡಿಸಿದೆ, ಎಲ್ಲರೂ ಮಾಡಿಸುವುದು ಅದರಲ್ಲೇ. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಓಡಾಟ ಶುರುವಾಯಿತು. ಒದ್ದೆ ಕೊಡೆ, ಒದ್ದೆ ಚೀಲ ಎಲ್ಲ ಡಿಕ್ಕಿಗೇ. ಕೆಳಗಿನ ಅಂಚು ನೀರು ಕುಡಿದು ಉಬ್ಬಿತು, ಸ್ಕ್ರೂ ಹಿಡಿತ ಬಿಟ್ಟಿತು, ಮೂಲೆಯಿಂದ ಗಾಳಿ ಸುಯ್ ಎನ್ನತೊಡಗಿತು. 1,400 ರೂಪಾಯಿ ನೀರಿಗೆ ಹೋಯಿತು. ಒಣ ಊರುಗಳಲ್ಲಿ ಎಂಡಿಎಫ್ ನಡೆಯಬಹುದು, ಮಲೆನಾಡಿನ ಅಂಚಿನಲ್ಲಿರುವ ನಮಗೆ ಖಂಡಿತ ಆಗುವುದಿಲ್ಲ. ಎರಡನೆಯದು ಐಎಸ್ 710 ಗುರುತಿನ, ನೀರು ತಡೆಯುವ ಮರೀನ್ ಪ್ಲೈವುಡ್. ಪರಿಚಯದ ಬಡಗಿಯವರ ಬಳಿ ಒಂದು ಅಡುಗೆಮನೆ ಕೆಲಸದಲ್ಲಿ ಉಳಿದ ತುಂಡುಗಳಿದ್ದವು, 900ಕ್ಕೆ ಕೊಟ್ಟರು, ಕೂಲಿ 800. ಹೊರ ಅಳತೆ ಉದ್ದ 16 ಇಂಚು, ಎತ್ತರ ಹನ್ನೆರಡೂವರೆ, ದಪ್ಪ ಎಂಟೂವರೆ. ಒಳಗೆ ಹದಿನೆಂಟು ಲೀಟರ್ ಆಸುಪಾಸು. "ಅಣ್ಣಾ, ಇಷ್ಟು ಚಿಕ್ಕದರಲ್ಲಿ ಏನು ಸದ್ದು ಬರುತ್ತದೆ?" ಎಂದು ಅವರೂ ಕೇಳಿದರು. ಒಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ ಹಾಕಿದೆ. ಅದರಿಂದ ಡ್ರೈವರ್‌ಗೆ ಪೆಟ್ಟಿಗೆ ಇರುವುದಕ್ಕಿಂತ ಸ್ವಲ್ಪ ದೊಡ್ಡದಾದಂತೆ ಆಗುತ್ತದೆ. ಎಷ್ಟು ಹತ್ತಿ, ಯಾವ ಗೋಡೆಗೆ ಎಷ್ಟು ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಬಹಳ ರಾತ್ರಿ ಕೂತು ಕಂಡುಕೊಂಡದ್ದು ಅದು.

ಸೋರಿಕೆ ಹುಡುಕುವುದನ್ನು ಬೇಕಾದರೆ ಹೇಳಿಕೊಡುತ್ತೇನೆ. ಒಳಗಿನ ಕೂಡುಗಳಿಗೆಲ್ಲ ಸಿಲಿಕೋನ್ ಬಳಿದು ಒಂದು ದಿನ ಒಣಗಲು ಬಿಟ್ಟು, ಡ್ರೈವರ್ ಕೂರಿಸಿ, 25 ಹರ್ಟ್ಸ್ ಟೋನ್ ಅನ್ನು ಸಣ್ಣ ವಾಲ್ಯೂಮ್‌ನಲ್ಲಿ ಹಾಕಿ. ಫ್ಯಾನ್ ಆರಿಸಿ, ಬಾಗಿಲು ಮುಚ್ಚಿ. ಒಂದು ಊದುಬತ್ತಿ ಹಚ್ಚಿ ಅಂಚುಗಳ ಗುಂಟ ನಿಧಾನವಾಗಿ ಒಯ್ಯಿರಿ. ಕೂಡು ಬಿಗಿಯಾಗಿದ್ದಲ್ಲಿ ಹೊಗೆ ನೇರವಾಗಿ ಮೇಲೇರುತ್ತದೆ, ಕೂದಲೆಳೆಯಷ್ಟು ಬಿರುಕಿದ್ದರೂ ಅಲ್ಲಿ ಪಟಪಟನೆ ಮುರಿಯುತ್ತದೆ. ನನ್ನ ಪೆಟ್ಟಿಗೆಯಲ್ಲಿ ಹೊಗೆ ಮುರಿದದ್ದು ಬಡಗಿ ಕೆಲಸದಲ್ಲಲ್ಲ, ಸ್ಪೀಕರ್ ವೈರಿನ ಟರ್ಮಿನಲ್ ಕಪ್‌ನಲ್ಲಿ. ಕಪ್ ತೆಗೆದು ಹಾಕಿ ಎರಡು ಹಿತ್ತಾಳೆ ಬೋಲ್ಟ್ ನೇರವಾಗಿ ಪ್ಲೈವುಡ್‌ಗೆ ಕೂರಿಸಿದೆ.

ಈಗ ವೈರು. ಅಂಗಡಿಗಳಲ್ಲಿ ಆಂಪ್ಲಿಫೈಯರ್ ಕಿಟ್ ಎಂದು ಕೆಂಪು ಪಾರದರ್ಶಕ ವೈರು ಮಾರುತ್ತಾರೆ, 8 ಗೇಜ್ (ವೈರಿನ ದಪ್ಪದ ಅಳತೆ) ಎಂದು ಬರೆದಿರುತ್ತದೆ. 1,200 ಕೊಟ್ಟು ತಂದೆ. ಕೈಗೆ ತೆಗೆದುಕೊಂಡಾಗಲೇ ತೂಕ ಸರಿಯಿಲ್ಲ ಎನ್ನಿಸಿತು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಕೆಂಪು ಹೋಗಿ ಬಿಳಿ ಬಂತು. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಪ್ಲಾಸ್ಟಿಕ್ ದಪ್ಪ, ಒಳಗಿನ ಲೋಹ 5 ಚದರ ಮಿಲಿಮೀಟರ್ ಇದ್ದರೆ ಹೆಚ್ಚು. ನಿಜವಾದ 8 ಗೇಜ್ ಎಂದರೆ ಎಂಟಕ್ಕಿಂತ ಸ್ವಲ್ಪ ಮೇಲೆ. ಆದರೂ ಜೋಡಿಸಿ ಅಳೆದೆ. ಹಾಡಿನಲ್ಲಿ ಜೋರಾದ ಏಟು ಬಂದಾಗ ಬ್ಯಾಟರಿಯಲ್ಲಿ 13.8 ವೋಲ್ಟ್, ಆಂಪ್ಲಿಫೈಯರ್ ತುದಿಯಲ್ಲಿ 12.6 ಹತ್ತಿರ. ದಾರಿಯಲ್ಲೇ ಒಂದು ವೋಲ್ಟ್‌ಗಿಂತ ಹೆಚ್ಚು ಮಾಯ. ಬ್ಯಾಟರಿ ಸಾಲದು ಎಂದು ಎಲ್ಲರೂ ಹೇಳುವುದು ಇದನ್ನೇ ನೋಡಿ. ಬ್ಯಾಟರಿಯ ತಪ್ಪಲ್ಲ, ವೈರಿನದು.

ಕಿಟ್ ಬಿಚ್ಚಿ ಬಿಸಾಕಿ 16 ಚದರ ಮಿಲಿಮೀಟರ್‌ನ ತಾಮ್ರದ ವೆಲ್ಡಿಂಗ್ ಕೇಬಲ್ ಎಳೆದೆ. ಸಣ್ಣ ಎಳೆಗಳು, ಚೆನ್ನಾಗಿ ಬಳಕುತ್ತದೆ, ಐದಾರು ಮೀಟರ್‌ಗೆ 1,100 ಆಯಿತು. ಬಾನೆಟ್ ಒಳಗಿನ ಭಾಗಕ್ಕೆ ಕೊಳವೆ ಹೊದಿಸಲೇಬೇಕು, ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ 40 ಆಂಪಿಯರ್ ಫ್ಯೂಸ್ ಹಾಕಲೇಬೇಕು. ಇದರಲ್ಲಿ ಉಳಿತಾಯ ಮಾಡಿದವರ ಗಾಡಿಯಲ್ಲಿ ನಾನು ಕೂರುವುದಿಲ್ಲ. ಫ್ಯೂಸ್ ಇಲ್ಲದ ವೈರು ತಗಡಿಗೆ ಉಜ್ಜಿದರೆ ಬೆಂಕಿಯೇ. ಕೇಬಲ್ ತುದಿಯ ಲಗ್‌ಗಳನ್ನು ನನ್ನ ಅಂಗಡಿಯ ಹೈಡ್ರಾಲಿಕ್ ಕ್ರಿಂಪಿಂಗ್ ಯಂತ್ರದಲ್ಲಿ ಒತ್ತಿದೆ. ಈಗ ಅದೇ ಏಟಿಗೆ ವ್ಯತ್ಯಾಸ 0.2 ವೋಲ್ಟ್ ಆಸುಪಾಸು. ಎಂಜಿನ್‌ನಿಂದ ಕಾರಿನ ತಗಡಿನ ಮೈಗೆ, ಬ್ಯಾಟರಿ ನೆಗೆಟಿವ್‌ನಿಂದ ಅದೇ ಮೈಗೆ ಹೋಗುವ ಅರ್ಥ್ (ಕರೆಂಟು ಮರಳುವ ದಾರಿ) ಪಟ್ಟಿಗಳ ಪಕ್ಕದಲ್ಲೂ ಇದೇ ಕೇಬಲ್ ಕೊಟ್ಟೆ. ಬೇಸ್ ಏಟಿಗೆ ಹೆಡ್‌ಲೈಟ್ ಮಿಣುಕುತ್ತಿದ್ದದ್ದು ನಿಂತಿತು.

ಆ ಮಿಣುಕಿಗೆ ಕೆಪಾಸಿಟರ್ (ಕರೆಂಟನ್ನು ಕ್ಷಣಕಾಲ ಕೂಡಿಡುವ ಸಾಧನ) ಹಾಕಿ ಎಂದು 2,500 ಕೇಳಿದ್ದರು, ಒಂದು ಫ್ಯಾರಡ್. ಲೆಕ್ಕ ಸುಲಭ: 25 ಆಂಪಿಯರ್ ಎಳೆದರೆ ಒಂದು ಫ್ಯಾರಡ್ ಕೆಪಾಸಿಟರ್ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದಲ್ಲಿ ಒಂದು ವೋಲ್ಟ್ ಕಳೆದುಕೊಳ್ಳುತ್ತದೆ. ಡೋಲಿನ ಒಂದು ಏಟು ಮುಗಿಯುವವರೆಗೂ ಅದು ತಡೆಯುವುದಿಲ್ಲ. ಆ ದುಡ್ಡನ್ನು ಬಾಗಿಲಿಗೆ ಹಾಕಿದೆ. ಚಿಕ್ಕ ಕಾರುಗಳ ಬಾಗಿಲು ತೆಳುವಾದ ತಗಡು. ನಡುಕ ತಡೆಯುವ ಬ್ಯೂಟೈಲ್ (ರಬ್ಬರಿನಂಥ) ಹಾಳೆಗಳನ್ನು ಒಳಗಡೆ ಅಂಟಿಸಿ ರೋಲರ್‌ನಿಂದ ಉಜ್ಜಿದ ಮೇಲೆ ಮುಂದಿನ ಸ್ಪೀಕರ್‌ಗಳೇ ಹೊಸದಾದವು. ಹಿಂದಿನ ನಂಬರ್ ಪ್ಲೇಟ್ ಕಟಕಟ ಎನ್ನುತ್ತಿತ್ತು, ಅದರ ಹಿಂದೆ ಫೋಮ್ ಟೇಪ್.

ಹೆಚ್ಚು ತಲೆ ತಿಂದದ್ದು ಎಂಜಿನ್ ಸದ್ದು. ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರ್‌ನಲ್ಲಿ ಕುಂಯ್ ಎಂದು ಏರುತ್ತದಲ್ಲ, ಅದೇ. ಸ್ಟೀರಿಯೊದಿಂದ ಆಂಪ್ಲಿಫೈಯರ್‌ಗೆ ಹಾಡು ಒಯ್ಯುವ ಆರ್‌ಸಿಎ ವೈರನ್ನು ಪವರ್ ಕೇಬಲ್‌ನ ಎದುರು ಬದಿಯಿಂದ ಎಳೆದೆ, ಅರ್ಧ ಹೋಯಿತು. ಸೀಟಿನ ಬೋಲ್ಟ್‌ಗೆ ಕೊಟ್ಟಿದ್ದ ಅರ್ಥ್ ತೆಗೆದು ಡಿಕ್ಕಿಯ ನೆಲದ ಬಣ್ಣ ಹೊಳೆಯುವ ತಗಡು ಕಾಣುವವರೆಗೆ ಕೆರೆದು ಹಲ್ಲಿನ ವಾಷರ್ ಹಾಕಿ ಬಿಗಿದೆ, ಇನ್ನೂ ಸ್ವಲ್ಪ ಹೋಯಿತು. ಆಗ ಒಬ್ಬರು 400 ರೂಪಾಯಿಯ ನಾಯ್ಸ್ ಫಿಲ್ಟರ್ ಕೊಟ್ಟರು. ಕುಂಯ್ ಪೂರ್ತಿ ಹೋಯಿತು, ಅದರ ಜೊತೆಗೆ 50 ಹರ್ಟ್ಸ್‌ನ ಕೆಳಗಿನ ಬೇಸ್ ಕೂಡ ಹೋಯಿತು. ಬಿಚ್ಚಿ ನೋಡಿದರೆ ಒಳಗೆ ಕಡಲೆಬೀಜದ ಗಾತ್ರದ ಎರಡು ಟ್ರಾನ್ಸ್‌ಫಾರ್ಮರ್. ಕಡಿಮೆ ಆವರ್ತನ ದಾಟಬೇಕಾದರೆ ಕೋರ್ ದೊಡ್ಡದಿರಬೇಕು, ಸುತ್ತು ಹೆಚ್ಚಿರಬೇಕು. ಅದು ನನ್ನ ದಿನನಿತ್ಯದ ಕೆಲಸ, ನನಗೆ ಯಾರೂ ಹೇಳಬೇಕಾಗಿಲ್ಲ. ಕೊನೆಗೆ ಸಿಕ್ಕಿದ್ದು ಸ್ಟೀರಿಯೊದ ಹಿಂದಿನ ಕಪ್ಲರ್‌ನಲ್ಲಿ (ವೈರುಗಳನ್ನು ಕೂಡಿಸುವ ಪ್ಲಗ್). ಅದರ ಅರ್ಥ್ ವೈರು ತೀರ ಸಣ್ಣದು, ಸಡಿಲ ಬೇರೆ. ಅಲ್ಲಿಂದ ಗಾಡಿಯ ಮೈಗೆ ಬೇರೆಯದೇ ವೈರು ಕೊಟ್ಟೆ. ಎಂಜಿನ್ ಚಾಲೂ ಇದ್ದು ಹಾಡು ನಿಲ್ಲಿಸಿದರೆ ಈಗ ಟ್ವೀಟರ್‌ಗೆ (ಮೇಲಿನ ಸ್ವರಗಳ ಚಿಕ್ಕ ಸ್ಪೀಕರ್) ಕಿವಿ ಇಟ್ಟರೂ ಏನೂ ಕೇಳುವುದಿಲ್ಲ.

ಆಂಪ್ಲಿಫೈಯರ್ ಸದ್ದನ್ನು ಎಷ್ಟು ಹಿಗ್ಗಿಸಬೇಕು ಎಂದು ಹೇಳುವ ಗೇನ್ ತಿರುಗಣೆಯನ್ನು ಕಿವಿಯಿಂದ ಹೊಂದಿಸಬೇಡಿ, ಮಲ್ಟಿಮೀಟರ್ ಇಡಿ. 200 ವಾಟ್ ಗುರಿ, 4 ಓಮ್. ಗುಣಿಸಿ ವರ್ಗಮೂಲ ತೆಗೆದರೆ 28 ವೋಲ್ಟ್. ಸಬ್‌ವೂಫರ್ ವೈರು ಬಿಚ್ಚಿಟ್ಟು, 50 ಹರ್ಟ್ಸ್ ಟೋನ್ ಹಾಕಿ, ಸ್ಟೀರಿಯೊವನ್ನು ಮುಕ್ಕಾಲು ವಾಲ್ಯೂಮ್‌ಗೆ ತಂದು, ಮೀಟರ್ ಎಸಿಯಲ್ಲಿ ಆ ಅಂಕಿ ಬರುವವರೆಗೆ ತಿರುಗಿಸಿ ನಿಲ್ಲಿಸಿ. ನಾನು 26ರಲ್ಲೇ ನಿಲ್ಲಿಸಿದೆ. ಬೇಸ್ ಬೂಸ್ಟ್ ಸೊನ್ನೆ. ಲೋ ಪಾಸ್ (ಸಬ್‌ವೂಫರ್‌ಗೆ ಮೇಲಿನ ಸ್ವರ ಹೋಗದಂತೆ ತಡೆಯುವುದು) 70 ಹರ್ಟ್ಸ್‌ನ ಹತ್ತಿರ.

ಫೇಸ್ ಸ್ವಿಚ್‌ಗೆ (ಸಬ್‌ವೂಫರ್‌ನ ಅಲುಗಾಟವನ್ನು ತಿರುಗುಮುರುಗು ಮಾಡಿ ಮುಂದಿನ ಸ್ಪೀಕರ್‌ಗಳ ಜೊತೆ ಹೊಂದಿಸುವುದು) ನನ್ನ ಪರೀಕ್ಷೆ ಡೊಳ್ಳು. ಪರಿಚಯದ ಒಂದು ತಂಡದ ಅಭ್ಯಾಸವನ್ನು ಮೊದಲು ಮೊಬೈಲ್‌ನಲ್ಲಿ ಹಿಡಿದೆ, ಅದರ ಮೈಕ್ ಕೆಳಗಿನದನ್ನೆಲ್ಲ ಕತ್ತರಿಸಿಬಿಡುತ್ತದೆ. ಆಮೇಲೆ ರೆಕಾರ್ಡರ್ ಎರವಲು ತಂದು ಮತ್ತೆ ಹಿಡಿದೆ. ಡೊಳ್ಳಿಗೆ ಒಂದು ಕಡೆ ಕೋಲಿನ ಏಟು, ಇನ್ನೊಂದು ಕಡೆ ಅಂಗೈ. ಸ್ವಿಚ್ ಸೊನ್ನೆ ಡಿಗ್ರಿಯಲ್ಲಿದ್ದಾಗ ಕೋಲು ಮುಂದಿನಿಂದ, ಅಂಗೈಯ ಗುಮ್ಮು ಬೆನ್ನ ಹಿಂದಿನಿಂದ ಬರುತ್ತಿತ್ತು. 180ಕ್ಕೆ ತಿರುಗಿಸಿದೆ, ಇಡೀ ಡೊಳ್ಳು ಡ್ಯಾಶ್‌ಬೋರ್ಡ್ ಮೇಲೆ ಬಂದು ಕೂತಿತು. ಪೆಟ್ಟಿಗೆಯ ಮುಖ ಯಾವ ಕಡೆಗಿದೆ, ಡಿಕ್ಕಿ ಬಾಗಿಲಿನಿಂದ ಎಷ್ಟು ದೂರ ಎಂಬುದರ ಮೇಲೂ ಇದು ನಿಂತಿದೆ. ಆ ಅಂತರ ಬೇಕಾದವರು ಗಾಡಿ ತಂದು ನಿಲ್ಲಿಸಿದರೆ ತೋರಿಸುತ್ತೇನೆ, ಬರೆಯುವುದಿಲ್ಲ.

ಒಟ್ಟು ಖರ್ಚು: ಡ್ರೈವರ್, ಆಂಪ್ಲಿಫೈಯರ್, ಪೆಟ್ಟಿಗೆ, ಕೇಬಲ್, ಫ್ಯೂಸ್, ಆರ್‌ಸಿಎ, ಬಾಗಿಲಿನ ಹಾಳೆ ಸೇರಿ 15,000 ದಾಟಿ ಸ್ವಲ್ಪ. ಟ್ಯೂಬ್, ಎಂಡಿಎಫ್, ಕಿಟ್ ವೈರು, ಫಿಲ್ಟರ್ ಎಂದು ವ್ಯರ್ಥವಾದದ್ದು ನಾಲ್ಕೂವರೆ ಸಾವಿರ. ಎರಡೂ ಸೇರಿದರೂ ಅಂಗಡಿಯವರು ದೊಡ್ಡ ಬ್ಯಾಟರಿ ಸಮೇತ ಹೇಳಿದ್ದ 28,000ದ ಹತ್ತಿರ ಹೋಗುವುದಿಲ್ಲ. ಎರಡೇ ನಿಯಮ ಪಾಲಿಸುತ್ತೇನೆ: ಎಂಜಿನ್ ಆರಿಸಿ ಹಾಡು ಕೇಳುವುದಿಲ್ಲ, ರೈಲ್ವೆ ಗೇಟಿನಲ್ಲಿ ಎಸಿ ಹಾಕಿಕೊಂಡು ನಿಂತಾಗ ವಾಲ್ಯೂಮ್ ಇಳಿಸುತ್ತೇನೆ.

ಪೆಟ್ಟಿಗೆಯನ್ನು ನೆಲಕ್ಕೆ ಕಾಯಂ ಆಗಿ ಬಿಗಿಯಬೇಡಿ. ಸ್ಟೆಪ್ನಿ ಅದರ ಕೆಳಗಿದೆ, ಶಿರಾಡಿ ಘಾಟಿಯ ಮಳೆಯಲ್ಲಿ ಟೈರ್ ಪಂಕ್ಚರ್ ಆದರೆ ಸ್ಪ್ಯಾನರ್ ಹುಡುಕುತ್ತ ನಿಲ್ಲಲಾಗದು. ಎರಡು ವಿಂಗ್ ನಟ್, ಸ್ಪೀಕರ್ ವೈರಿಗೆ ಒಂದು ಕಪ್ಲರ್. ಕೈಯಲ್ಲೇ ಬಿಚ್ಚಿ ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ಎತ್ತಿಡಲು ಒಂದು ನಿಮಿಷವೂ ಬೇಡ. ಭಾವನ ವ್ಯಾಗನ್ ಆರ್‌ಗೂ ಇದೇ ಜೋಡಣೆ ಮಾಡಲಿದ್ದೇನೆ, ಪ್ಲೈವುಡ್ ಆಗಲೇ ಕತ್ತರಿಸಿಯಾಗಿದೆ.