ತಲೆ ಸಿ.ಟಿ. ಕಡಿಮೆ ಮಾಡಿದ್ದು ಹೇಗೆ: ನನ್ನ ಅನುಭವ

ತಲೆಗೆ ಪೆಟ್ಟು ಅಂದ ತಕ್ಷಣ ಸಿ.ಟಿ. ಸ್ಕ್ಯಾನ್ ಬರೆಯುವುದನ್ನು ನಮ್ಮ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ (ತುರ್ತು ವಿಭಾಗದಲ್ಲಿ) ನಿಲ್ಲಿಸಿದ್ದೇವೆ. ಇದು ಆಗಲ್ಲ ಅಂದವರೇ ಜಾಸ್ತಿ. ಮೊದಲು ತಿಂಗಳಿಗೆ 140ರ ಆಸುಪಾಸು ತಲೆ ಸ್ಕ್ಯಾನ್ ಆಗುತ್ತಿತ್ತು, ಈಗ 90 ದಾಟಿದರೆ ಹೆಚ್ಚು. ಸ್ಕ್ಯಾನ್ ಬೇಡವೆಂದು ಮನೆಗೆ ಕಳಿಸಿದವರಲ್ಲಿ ಯಾರೂ ರಕ್ತಸ್ರಾವ ಅಂತ ವಾಪಸ್ ಬಂದಿಲ್ಲ.

ತಲೆಗೆ ಪೆಟ್ಟಾದವರಲ್ಲಿ ಯಾರಿಗೆ ಸಿ.ಟಿ. ಬೇಕು, ಯಾರಿಗೆ ಬೇಡ ಅಂತ ಕೆನಡಾದ ಇಯಾನ್ ಸ್ಟೀಲ್ ತಂಡ 2001ರಲ್ಲಿ ಕೊಟ್ಟ ರೂಲ್ ಡಾಕ್ಟರುಗಳಾದ ನಿಮಗೆಲ್ಲ ಬಾಯಿಪಾಠ. ಕಷ್ಟ ಇರುವುದು ರಾತ್ರಿ 2 ಗಂಟೆಗೆ ಅದನ್ನು ಬಳಸುವುದರಲ್ಲಿ. ಗೋಡೆಗೆ ಚಾರ್ಟ್ ಅಂಟಿಸಿದೆವು, ಯಾರೂ ತಿರುಗಿ ನೋಡಲಿಲ್ಲ. ಕ್ಲಾಸ್ ತೆಗೆದುಕೊಂಡೆ, ಸ್ವಲ್ಪ ದಿನ ನಡೆಯಿತು, ಡ್ಯೂಟಿ ಡಾಕ್ಟರುಗಳು ಬದಲಾದರು, ಮತ್ತೆ ಅದೇ ಕಥೆ. ಸೀನಿಯರ್‌ಗೆ ಫೋನ್ ಮಾಡಿ ಕೇಳಬೇಕು ಅಂತ ನಿಯಮ ಮಾಡಿದರೆ, ಅವರು ನಿದ್ದೆಗಣ್ಣಲ್ಲಿ "ಮಾಡಿಸಿಬಿಡಪ್ಪಾ" ಅನ್ನುತ್ತಿದ್ದರು.

ಕೊನೆಗೆ ಕೈ ಹಿಡಿದಿದ್ದು ಸ್ಕ್ಯಾನಿಗೆ ಬರೆದುಕೊಡುವ ಚೀಟಿ. ರೂಲಿನ ಪ್ರಶ್ನೆಗಳನ್ನು ಅದರಲ್ಲೇ ಅಚ್ಚು ಹಾಕಿಸಿದೆ. ಒಂದಕ್ಕಾದರೂ ಟಿಕ್ ಇಲ್ಲದಿದ್ದರೆ ಟೆಕ್ನೀಷಿಯನ್ ಒಳಗೆ ಕರೆಯುವುದಿಲ್ಲ. ಆದರೂ ಬೇಕು ಅಂದರೆ ಡಾಕ್ಟರು ಕಾರಣ ಬರೆದು ಸಹಿ ಹಾಕಬೇಕು. ಎಂಎಲ್‌ಸಿ (ಪೊಲೀಸ್, ಕೋರ್ಟಿಗೆ ಹೋಗಬಹುದಾದ ಕೇಸು) ಭಯಕ್ಕೂ ಇದೇ ಮದ್ದಾಯಿತು, ಯಾಕೆ ಮಾಡಿಸಲಿಲ್ಲ ಅನ್ನುವುದು ಬರಹದಲ್ಲೇ ಇರುತ್ತದಲ್ವಾ. ಕುಡಿದು ಬಂದವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು, ಬೈಕಿನಿಂದ ಹಾರಿ ಬಿದ್ದವರು, ಇವರಿಗೆಲ್ಲ ಈಗಲೂ ನೇರ ಸ್ಕ್ಯಾನೇ.

ಉಳಿದಿದ್ದು ಮನೆಯವರು. ಬಚ್ಚಲಲ್ಲಿ ಜಾರಿ ಬಿದ್ದ ನಲವತ್ತರ ಗಂಡಸು, ಹುಬ್ಬಿಗೆ ಹೊಲಿಗೆ, ಬಿದ್ದ ಕ್ಷಣ ನೆನಪಿಲ್ಲ, ಜಿಸಿಎಸ್ (ಎಚ್ಚರದ ಮಟ್ಟದ ಅಂಕ) 15, ಅಂದರೆ ಪೂರ್ತಿ ಎಚ್ಚರ. ಅವನ ಅಣ್ಣ "ದುಡ್ಡಿನ ಚಿಂತೆ ಬೇಡ ಸಾರ್, ಒಂದ್ ಸ್ಕ್ಯಾನ್ ಬರೀರಿ" ಅಂತ ಬಿಡಲೇ ಇಲ್ಲ. ನಾಲ್ಕು ತಾಸು ಇಲ್ಲೇ ಮಲಗಿಸಿಕೊಂಡು ಅರ್ಧ ತಾಸಿಗೊಮ್ಮೆ ನೋಡುತ್ತೇವೆ, ಎರಡು ಸಲ ವಾಂತಿಯಾದರೆ ಆ ಕ್ಷಣವೇ ಸ್ಕ್ಯಾನ್ ಅಂದೆ. ನೋಡುವ ಸಮಯ ಬರೆದ ಹಾಳೆಯನ್ನೂ ಅಣ್ಣನ ಕೈಗೇ ಕೊಟ್ಟೆ. ಸಿಸ್ಟರ್ ಟಾರ್ಚ್ ಹಿಡಿದು ಕಣ್ಣು ನೋಡಿದಾಗಲೆಲ್ಲ ಆತನೇ ಸಮಯ ಗುರುತು ಹಾಕಿಕೊಂಡ. ಇಂಥವರ ಜೊತೆ ನಾನು ಆಡುವ ಮೊದಲ ಮಾತು ಯಾವುದು ಅಂತ ಇಲ್ಲಿ ಬರೆಯಲ್ಲ, ನಮ್ಮಲ್ಲಿಗೆ ಬಂದರೆ ತೋರಿಸುತ್ತೇನೆ.

ದುಡ್ಡಿನ ವಿಷಯ. ಒಂದು ಸ್ಕ್ಯಾನಿಗೆ 3,000 ಅಂದರೆ ತಿಂಗಳಿಗೆ ಒಂದೂವರೆ ಲಕ್ಷ ಖೋತಾ. ಮ್ಯಾನೇಜ್‌ಮೆಂಟ್ ಮುಖ ಕೆಂಪಾಯಿತು, ಯಂತ್ರದ ಸಾಲದ ಕಂತು ಯಾರು ಕಟ್ತಾರೆ ಅಂತ ನೇರವಾಗಿಯೇ ಕೇಳಿದರು. ಅಬ್ಸರ್ವೇಶನ್ ಬೆಡ್ಡಿನ ಚಾರ್ಜಿನಿಂದ ಕಾಲು ಭಾಗ ಬರಬಹುದು ಅಷ್ಟೆ. ಆದರೆ ಲಕ್ವ ಹೊಡೆದು ಬಂದವರಿಗೆ ಈಗ ಸ್ಕ್ಯಾನರ್ ಖಾಲಿ ಸಿಗುತ್ತದೆ. ನಾನು ಆ ಲೆಕ್ಕ ಮುಂದಿಟ್ಟ ಮೇಲೆ ಸುಮ್ಮನಾದರು.

ಪಾದದ ಎಕ್ಸ್‌ರೇ ಯಾರಿಗೆ ಬೇಕು ಅಂತ ಹೇಳುವ ಒಟ್ಟಾವಾ ರೂಲನ್ನೂ ಹಾಕಿ ನೋಡಿದೆ. ಮುನ್ನೂರು ನಾನೂರು ರೂಪಾಯಿಗೆ ವಾದ ಮಾಡುವ ಪುರುಸೊತ್ತು ಯಾರಿಗೂ ಇಲ್ಲ, ಕೈಬಿಟ್ಟೆ. ತಲೆಗೆ ಪೆಟ್ಟಾದ ಮಕ್ಕಳಿಗೆ ಸಿ.ಟಿ. ಬೇಕೇ ಅಂತ ಹೇಳುವ 2009ರ ಪೆಕಾರ್ನ್ ರೂಲ್ ಮಾತ್ರ ಚೆನ್ನಾಗಿ ಹಿಡಿಯಿತು. ವಿಕಿರಣ ಅಂದರೆ ತಾಯಂದಿರೇ ಬೇಡ ಅನ್ನುತ್ತಾರೆ.

ಈಗ ಕಿಡ್ನಿ ಕಲ್ಲಿನ ಹೊಟ್ಟೆ ಸಿ.ಟಿ.ಗೆ ಕೈ ಹಾಕಿದ್ದೇನೆ, ಮೊದಲು ಅಲ್ಟ್ರಾಸೌಂಡ್ ಅಂತ. ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯಿಂದಾಗಿ ಅಲ್ಟ್ರಾಸೌಂಡ್ ಪ್ರೋಬನ್ನು ಸಿಕ್ಕವರ ಕೈಗೆ ಕೊಡುವಂತಿಲ್ಲ. ಅಲ್ಟ್ರಾಸೌಂಡ್ ಮಾಡುವ ನಮ್ಮ ಸೋನಾಲಜಿಸ್ಟ್ ರಾತ್ರಿ ಎಂಟಕ್ಕೆ ಮನೆಗೆ ಹೋಗುತ್ತಾರೆ, ಕಲ್ಲಿನ ನೋವಿನವರು ಬರುವುದು ಬೆಳಗಿನ ಜಾವ. ನಿಮ್ಮಲ್ಲಿ ಯಾರಾದರೂ ಇದನ್ನು ಸರಿಮಾಡಿಕೊಂಡಿದ್ದರೆ ಹೇಳಿ.